ಜೀಪಿನ ಡಬ್ಬಿ, ಮಾಸ್ತರರ ಬೆನಿಫಿಟ್

ಶಾಲೆಯ ಹಾಜರಿಯಲ್ಲಿ ನನ್ನ ಹೆಸರು ಐದನೇ ಇಯತ್ತೆಯವರೆಗೂ ಇತ್ತಂತೆ. ನಾನು ಮಾತ್ರ ನಾಲ್ಕರಲ್ಲೇ ಎದ್ದು ಬಂದಿದ್ದೆ. ಹಾನಗಲ್ಲಿನ ಒಂದು ಗ್ಯಾರೇಜಿನಲ್ಲಿ ನಟ್ಟು ತಿರುಗಿಸುವ ಪಾನಾ ಹಿಡಿಯಲು ಕಲಿತೆ. ಮೊದಲು ಲಾರಿಯ ಕೆಳಗೆ ಮಲಗಿದೆ, ಆಮೇಲೆ ಲಾರಿಯ ಮೇಲೆ ಕೂತೆ, ಎಪ್ಪತ್ತರ ದಶಕ ಅರ್ಧ ದಾಟುವ ಹೊತ್ತಿಗೆ ಒಂದು ನಾಟಕ ಕಂಪನಿಯ ಜೀಪಿಗೆ ಡ್ರೈವರ್ ಆಗಿದ್ದೆ. ಡ್ರೈವರ್ ಎಂದರೆ ಬರೀ ಸ್ಟೇರಿಂಗ್ ತಿರುಗಿಸುವವನಲ್ಲ. ಆ ಜೀಪನ್ನು ಬಿಚ್ಚಿದವನೂ ನಾನೇ, ಕಟ್ಟಿದವನೂ ನಾನೇ. ನನ್ನ ಗಾಡಿಗೆ ಬೇರೆಯವರು ಕೈ ಹಚ್ಚಿದರೆ ನನಗೆ ಅವತ್ತು ರೊಟ್ಟಿ ಸೇರುತ್ತಿರಲಿಲ್ಲ. ಅದನ್ನು ಜಂಬ ಎಂದವರಿದ್ದಾರೆ. ಅನ್ನಲಿ.

ಜೀಪು ಮಿಲಿಟರಿಯಿಂದ ಹರಾಜಿಗೆ ಬಂದದ್ದು. ಎಷ್ಟು ಕೈ ದಾಟಿ ನಮ್ಮ ಮಾಲಕರ ಕೈಗೆ ಸಿಕ್ಕಿತ್ತೋ ದೇವರಿಗೇ ಗೊತ್ತು. ಟಪ್ಪಿನ ಮೇಲೆ ಮುಂದಕ್ಕೊಂದು ಹಿಂದಕ್ಕೊಂದು ಎರಡು ಲೌಡ್‌ಸ್ಪೀಕರ್ ಕಟ್ಟಿದ್ದೆವು. ಸುತ್ತಲಿನ ಊರುಗಳಿಗೆ ಹೋಗಿ ನಾಟಕದ ಪ್ರಚಾರ ಮಾಡುವುದು ಅದರ ಕೆಲಸ. ಹಿಂದಿನ ಸೀಟಿನಲ್ಲಿ ಕಂಪನಿಯ ಹಾಸ್ಯಗಾರ ಮೈಕ್ ಹಿಡಿದು ಕೂರುತ್ತಿದ್ದ. ಅವನ ಕಾಲ ಬುಡದಲ್ಲಿ ಒಂದು ಹಳೆಯ ಆಂಪ್ಲಿಫೈಯರ್. ಜೀಪಿನ ಬ್ಯಾಟರಿಯಿಂದಲೇ ಓಡುವ ಒಂದು ಪುಟ್ಟ ಮೋಟಾರು ಅದರೊಳಗಿತ್ತು; ಸ್ವಿಚ್ ಹಾಕಿದರೆ ಬೆಂಕಿಪೊಟ್ಟಣದೊಳಗೆ ಸಿಕ್ಕ ದುಂಬಿಯಂತೆ ಗುಂಯ್ ಎನ್ನುತ್ತಿತ್ತು. ಬ್ಯಾಟರಿ ಗಟ್ಟಿಯಿದ್ದರೆ ದುಂಬಿ ಗಟ್ಟಿ, ಬ್ಯಾಟರಿ ಇಳಿದರೆ ದುಂಬಿಯ ದನಿಯೂ ಇಳಿಯುತ್ತಿತ್ತು.

ನಾನು ಹೇಳಹೊರಟದ್ದು ಕಂಪನಿ ಹಾನಗಲ್ಲಿನಲ್ಲಿ ಡೇರೆ ಹಾಕಿದ್ದ ವರ್ಷದ ಸಂಗತಿ. ನಮ್ಮ ಹಾರ್ಮೋನಿಯಂ ಮಾಸ್ತರರಿಗೆ ಆಗ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ನಾನು ಕಂಪನಿ ಸೇರುವ ಮೊದಲೇ ಶುರುವಾದದ್ದು. ಬರಬರುತ್ತ ಅವರಿಗೆ ಬೆಳಕು ಮತ್ತು ನೆರಳು ಎರಡೇ ಉಳಿದಿದ್ದವು. ಪೇಟಿ ಬಾರಿಸಲು ಕಣ್ಣೇಕೆ ಬೇಕು ಎಂದು ನೀವು ಕೇಳಬಹುದು. ಕಂಪನಿ ನಾಟಕದಲ್ಲಿ ಬೇಕು. ನಟ ಮಾತಾಡುತ್ತಾಡುತ್ತಲೇ ಹಾಡಿಗೆ ಜಿಗಿಯುತ್ತಾನೆ. ಅವನ ತುಟಿ, ಹುಬ್ಬು, ಎತ್ತಿದ ಕೈ ನೋಡಿಯೇ ಪೇಟಿಯವರು ಸ್ವರ ಕೊಡಬೇಕು. ಅರೆಗಳಿಗೆ ತಪ್ಪಿದರೂ ನಟ ಗಾಳಿಯಲ್ಲಿ ಕಾಲಿಟ್ಟಂತೆ. ಆ ಹಂಗಾಮಿನಲ್ಲಿ ಮಾಸ್ತರರಿಂದ ಹಾಗೆ ಮೇಲಿಂದ ಮೇಲೆ ಆಗತೊಡಗಿತು.

ಮಾಲಕರು ಒಳ್ಳೆಯ ಮನುಷ್ಯ, ಆದರೆ ಮಾಲಕರು. "ಈ ಹಂಗಾಮ ಮುಗಿಯೂದರಾಗ ಹುಬ್ಬಳ್ಳಿಗೆ ಹೋಗಿ ಕಣ್ಣ ಮಾಡಿಸ್ಕೊಂಡ ಬರ್ರಿ ಮಾಸ್ತರ. ಇಲ್ಲಂದ್ರ ನಾ ಬ್ಯಾರೆ ಪೇಟಿಯವರನ್ನ ನೋಡಬೇಕಾಕೈತಿ. ಸಿಟ್ಟಾಗಬ್ಯಾಡ್ರಿ," ಎಂದರು. ಆಪರೇಷನ್ನಿನ ಖರ್ಚಿಗೆ ದಾರಿಯನ್ನೂ ಅವರೇ ತೋರಿಸಿದರು. ಒಂದು ಶನಿವಾರದ ಆಟವನ್ನು ಮಾಸ್ತರರ ಬೆನಿಫಿಟ್ ಎಂದು ಬಿಟ್ಟುಕೊಟ್ಟರು. ಬೆನಿಫಿಟ್ ಎಂದರೆ ಆ ದಿನದ ಗಲ್ಲಾ ಪೂರ್ತಿ ಆ ಕಲಾವಿದನಿಗೆ. ಡೇರೆ ತುಂಬಿದರೆ ಅವನ ಪುಣ್ಯ, ಬಿದ್ದರೆ ಅವನ ಕರ್ಮ. ಒಂದು ಹಂಗಾಮಿನಲ್ಲಿ ಒಬ್ಬರಿಗೆ ಎರಡನೇ ಸಲ ಸಿಗುವುದಿಲ್ಲ. ಯಾರ ಬೆನಿಫಿಟ್ಟೋ ಅವರೇ ಪ್ರಚಾರದ ಗಾಡಿಯಲ್ಲಿ ಕೂತು, ಊರೂರಿಗೆ ಹೋಗಿ, ಜನರಿಗೆ ಕೈಮುಗಿದು ಕರೆಯಬೇಕು. ಇದು ಕಂಪನಿಗಳಲ್ಲಿ ಮೊದಲಿನಿಂದ ಬಂದ ಪದ್ಧತಿ.

ಹೀಗಾಗಿ ಮಾಸ್ತರರು ನನ್ನ ಪಕ್ಕದ ಸೀಟಿಗೆ ಬಂದರು. ಇಸ್ತ್ರಿ ಮಾಡಿದ ಧೋತರ, ಕರಿ ಟೋಪಿ, ಬಾಯಿ ತುಂಬ ಎಲೆಯಡಿಕೆ. ಗಾಡಿ ಚಾಲೂ ಆದ ಕೂಡಲೇ ಕಿವಿಯನ್ನು ಹಿಂದಕ್ಕೆ ವಾಲಿಸಿ, "ನಿಮ್ಮ ದುಂಬಿ ಇವತ್ತ ಕರಿ ಎರಡರಾಗ ಐತಿ ನೋಡ. ಬೇಷಾತು," ಎಂದರು. ಕರಿ ಎರಡು ಎಂದರೆ ಹಾರ್ಮೋನಿಯಂನ ಎರಡನೇ ಕರಿ ಮನೆ. ಅವರಿಗೆ ಜಗತ್ತಿನ ಎಲ್ಲ ಸದ್ದಿಗೂ ಒಂದು ಮನೆ ಇತ್ತು. ನನ್ನ ಹಾರ್ನು ಬಿಳಿ ಐದು. ಮಾಲಕರ ಕೆಮ್ಮು ಬಿಳಿ ಎರಡು.

ಬುಧವಾರ ಶಿಗ್ಗಾಂವಿಯ ಸಂದಣಿಯ ನಡುವೆ ಹಾಸ್ಯಗಾರ ರಂಗೇರಿಸಿದ್ದ. "ಮಹಾಜನಗಳೇ! ಇದೇ ಶನಿವಾರ! ಹಾನಗಲ್ಲ ಡೇರೆದಾಗ! ನಿಮ್ಮೆಲ್ಲರ ಪ್ರೀತಿಯ ಪೇಟಿ ಮಾಸ್ತರರ ಕಣ್ಣಿಗಾಗಿ..." ಅಷ್ಟರಲ್ಲಿ ಲೌಡ್‌ಸ್ಪೀಕರಿನ ದನಿ ಕಾಲು ಜಾರಿ ಬಾವಿಗೆ ಬಿದ್ದವನಂತೆ ಆಳಕ್ಕೆ ಇಳಿದು ನಿಂತುಬಿಟ್ಟಿತು, ಬೆನ್ನಿಗೇ ಇಂಜಿನ್ನೂ ನಿಂತಿತು.

"ಕರಿ ಎರಡರಿಂದ ಬಿಳಿ ಒಂದಕ್ಕ ಬಂದು ಸತ್ತಿತು," ಎಂದರು ಮಾಸ್ತರರು. "ನಾ ಹೇಳೂಣು ಹೇಳೂಣು ಅಂದಿದ್ದೆ. ಮುಂಜಾನಿಂದ ಇಳಿಯಾಕತ್ತಿತ್ತು."

"ಹೇಳಬೇಕಿಲ್ಲೇನ್ರಿ?"

"ನೀ ಗಾಡಿ ವಿಷಯದಾಗ ಯಾರ ಮಾತ ಕೇಳ್ತೀಯಪಾ?"

ಹಾಸ್ಯಗಾರ ಸುಮ್ಮನಿರುವ ಆಸಾಮಿಯಲ್ಲ. ಬಾನೆಟ್ಟಿನ ಮೇಲೆ ಹತ್ತಿ ಬರಿಗಂಟಲಿನಲ್ಲಿ ಕೂಗಿದ: "ಮಹಾಜನಗಳೇ, ನಮ್ಮ ಗಾಡಿಗೆ ಮಾಸ್ತರರ ಚಿಂತಿ ಹತ್ತಿ ಹೊಟ್ಟಿಗೆ ಏನೂ ತಗೊಳ್ಳವಲ್ದು! ಯಾರು ನೂಕತೀರಿ, ಅವರಿಗೆ ಶನಿವಾರ ಮುಂದಿನ ಸಾಲಿನಾಗ ಜಾಗಾ!" ಎಷ್ಟು ಜನ ಬಂದು ನೂಕಿದರೆಂದರೆ ಜೀಪಿಗೆ ಇಂಜಿನ್ ಬೇಕೋ ಬೇಡವೋ ಎನ್ನುವ ಹಾಗೆ ಓಡಿತು. ಮಾಸ್ತರರು ಒಳಗೆ ಕೂತೇ ಎಡಕ್ಕೂ ಬಲಕ್ಕೂ ಕೈಮುಗಿಯುತ್ತಿದ್ದರು.

ಹಾನಗಲ್ಲಿಗೆ ಬಂದು ನೋಡಿದೆ. ಕಾಯಿಲೆ ಡಬ್ಬಿಯದು. ಜೀಪಿನಲ್ಲಿ ಡೈನಮೊ ಕರೆಂಟು ಹುಟ್ಟಿಸುತ್ತದೆ, ಬ್ಯಾಟರಿ ಅದನ್ನು ಕೂಡಿಡುತ್ತದೆ. ಇವೆರಡರ ನಡುವೆ, ಬಾನೆಟ್ಟಿನ ಒಳಗಿನ ತಗಡಿನ ಗೋಡೆಗೆ ಅಂಗೈಯಗಲದ ಒಂದು ಕರಿ ಡಬ್ಬಿ ಕೂತಿರುತ್ತದೆ. ಎಷ್ಟು ಕರೆಂಟು ಬಿಡಬೇಕು, ಯಾವಾಗ ಬಿಡಬೇಕು, ಯಾವಾಗ ಬಾಗಿಲು ಹಾಕಬೇಕು, ಎಲ್ಲ ಅದರ ಕಾರುಬಾರು. ನಾಟಕದ ಗೇಟಿನಲ್ಲಿ ನಿಂತ ಮನುಷ್ಯ ಇದ್ದಂತೆ. ಜೀಪು ಮಾಡಿದ ಕಂಪನಿಯ ಪುಸ್ತಕದಲ್ಲಿ ರೆಗ್ಯುಲೇಟರ್. ನಮ್ಮ ಬಾಯಲ್ಲಿ ಡಬ್ಬಿ. ಮುಚ್ಚಳ ತೆಗೆದರೆ ಒಳಗಿನ ಸುರುಳಿ ಸುಟ್ಟು ಹುರಿದ ಮೆಣಸಿನಕಾಯಿಯ ಬಣ್ಣವಾಗಿತ್ತು. ರಿಪೇರಿಯ ಮಾತೇ ಇಲ್ಲ, ಹೊಸದೇ ಬೇಕು. ಅದನ್ನು ಬಿಚ್ಚಿ ಕೈಚೀಲದಲ್ಲಿ ಹಾಕಿಕೊಂಡು, ಬ್ಯಾಟರಿಯನ್ನು ಚಾರ್ಜಿಗೆ ಕೊಟ್ಟು, ಗುರುವಾರ ಮೊದಲ ಬಸ್ಸಿಗೆ ಸವಣೂರು ಹಾದಿ ಹಿಡಿದೆ.

ಸವಣೂರಿನಲ್ಲಿ ಒಬ್ಬ ಉಸ್ತಾದರಿದ್ದರು. ಗಾಡಿಗಳ ವೈರಿಂಗ್ ಕೆಲಸದಲ್ಲಿ ಆ ಸುತ್ತಿನ ಎಲ್ಲ ಡ್ರೈವರುಗಳೂ ಅವರ ಅಂಗಡಿಗೆ ಹೋಗುವವರೇ. ಬಿಳಿ ಗಡ್ಡ, ಕಿವಿಯಲ್ಲಿ ಅತ್ತರಿನ ಹತ್ತಿ, ಮೂಗಿನ ತುದಿಗೆ ಕನ್ನಡಕ. ನನ್ನ ಡಬ್ಬಿಯನ್ನು ಮೂಸಿ ನೋಡಿ, "ಇನ್ನಾಲಿಲ್ಲಾಹಿ... ಹೋಗಿಬಿಟ್ಟೈತಿ ಪಾಪ," ಎಂದು ಸತ್ತವರಿಗೆ ಹೇಳುವ ಹಾಗೆ ಹೇಳಿ ಪಕ್ಕಕ್ಕಿಟ್ಟು, ಕಪಾಟಿನಿಂದ ಕಾಗದ ಸುತ್ತಿದ ಹೊಸದೊಂದು ತೆಗೆದರು. "ಗಾಡಿ ತಗೊಂಬಾ, ನಾನ ಕೂಡಿಸಿ ಕೊಡ್ತೇನಿ."

"ಬ್ಯಾಡ್ರಿ ಉಸ್ತಾದ. ನನ್ನ ಗಾಡಿಗೆ ನಾನ ಕೂಡಸ್ತೇನಿ."

"ಹಾಂ ಹಾಂ, ಕೂಡಸಪಾ ನವಾಬ," ಎಂದು ನಕ್ಕರು.

ನಾನು ಡಬ್ಬಿಯನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹಾನಗಲ್ಲಿಗೆ ಬಂದರೆ, ಡೇರೆಯ ಮುಂದೆ ನನ್ನ ಜೀಪು ಇರಲಿಲ್ಲ. ಅದರ ಜಾಗದಲ್ಲಿ ಒಂದು ಅರಮನೆ ನಿಂತಿತ್ತು.

ಕಂಪನಿಗಳಲ್ಲಿ ಇನ್ನೊಂದು ಪದ್ಧತಿಯುಂಟು. ಬೆನಿಫಿಟ್ ಬಂತೆಂದರೆ ಎಲ್ಲಕ್ಕೂ ಹೊಸ ಬಣ್ಣ. ಕಿರೀಟಕ್ಕೆ ಬಣ್ಣ, ಗದೆಗೆ ಬಣ್ಣ, ಸಿಂಹಾಸನಕ್ಕೆ ಬಣ್ಣ, ಟಿಕೆಟು ಹರಿಯುವ ಪೆಟ್ಟಿಗೆಗೂ ಬಣ್ಣ. ಪರದೆ ಬರೆಯುವ ನಮ್ಮ ಪೇಂಟರ್, ಮಾಸ್ತರರೆಂದರೆ ಪ್ರಾಣ ಬಿಡುವವನು, ನಾನು ಇಲ್ಲದ ಹೊತ್ತು ನೋಡಿ ಜೀಪಿಗೂ ಬಳಿದುಬಿಟ್ಟಿದ್ದ. ದರ್ಬಾರ್ ಸೀನಿನ ಕಂಬಕ್ಕೆ ಹಚ್ಚುವ ಅದೇ ದಪ್ಪ ಗುಲಾಬಿ ಎಣ್ಣೆಬಣ್ಣ, ಅಂಚಿಗೆ ಬಂಗಾರದ ಗೆರೆ, ಬಾಗಿಲಿಗೆ ಎರಡು ನವಿಲು.

ಬೈಯಬೇಕೆಂದು ಬಾಯಿ ತೆರೆದೆ. ಆದರೆ ನವಿಲು ಚೆನ್ನಾಗಿದ್ದವು.

"ಬಾನೆಟ್ ಎತ್ತಿ ನೋಡ," ಎಂದ ಪೇಂಟರ್. ಎತ್ತಿದೆ. ಒಳಗಿನ ಗೋಡೆಯೂ ಗುಲಾಬಿ. "ನೀವು ಊರೂರಿಗೆ ಬಾನೆಟ್ ತಗದ ನಿಂದರತೀರಿ, ಮಂದಿ ಬಗ್ಗಿ ಬಗ್ಗಿ ನೋಡ್ತಾರ. ಒಳಗ ಮಸಿ ಇದ್ದರ ಮಾಸ್ತರರ ಮರ್ಯಾದಿ ಏನ ಉಳಿದೀತು? ಡಬ್ಬಿ ಬಿಚ್ಚಿಕೊಂಡ ಹೋಗಿದ್ದು ಭಾಳ ಅನುಕೂಲ ಆತ ನೋಡು. ಅದರ ಹಿಂದಿನ ಜಾಗಾ ಸುದ್ದಾ ಬಿಟ್ಟಿಲ್ಲ, ಎರಡ ಕೈ ಹೊಡದೇನಿ."

ಅವನ ಕೈಕುಲುಕಿ, ಒಂದು ಚಹಾ ಕುಡಿಸಿ, ಬಣ್ಣ ಒಣಗಿದ ಮೇಲೆ ಸಂಜೆ ಡಬ್ಬಿಯನ್ನು ಅದರ ಜಾಗಕ್ಕೆ ಕೂರಿಸಿದೆ. ಪ್ರತಿಯೊಂದು ವೈರನ್ನೂ ಅದರ ಮನೆಗೆ ಸೇರಿಸಿದೆ. ಗುಲಾಬಿ ಗೋಡೆಯ ಮೇಲೆ ಕರಿ ಡಬ್ಬಿ, ಕೆನ್ನೆಯ ಮೇಲಿನ ಮಚ್ಚೆಯಂತೆ ಒಪ್ಪಿತ್ತು. ಕುಂಕುಮ ಹಚ್ಚಿ, ಊದುಬತ್ತಿ ಬೆಳಗಿ, ಇನ್ನು ಶನಿವಾರ ಡೇರೆ ಹರಿದು ಹೋಗುವಷ್ಟು ಜನರನ್ನು ತರುತ್ತೇನೆಂದು ಎಲ್ಲರೆದುರು ಹೇಳಿದೆ.

ಶುಕ್ರವಾರ ಬೆಳಿಗ್ಗೆ ಹೊರಟೆವು. ಬ್ಯಾಟರಿ ಚಾರ್ಜಾಗಿ ಬಂದಿತ್ತು, ದುಂಬಿ ಕರಿ ಎರಡರಲ್ಲಿ ಹಾಡುತ್ತಿತ್ತು. ಆದರೆ ನನ್ನ ಕಣ್ಣು ಡ್ಯಾಶ್‌ಬೋರ್ಡಿನ ಆಂಪಿಯರ್ ಮೀಟರಿನ ಮೇಲಿತ್ತು. ಡಬ್ಬಿ ಕೆಲಸ ಮಾಡಿದರೆ ಅದರ ಮುಳ್ಳು ಬಲಕ್ಕೆ ವಾಲಬೇಕು. ವಾಲಲಿಲ್ಲ. ಎಡಕ್ಕೆ ಬಿದ್ದದ್ದು ಎಡಕ್ಕೇ. ಅಂದರೆ ಬ್ಯಾಟರಿಯಿಂದ ಹೋಗುತ್ತಿದೆ, ಬರುತ್ತಿಲ್ಲ. ಶಿಗ್ಗಾಂವಿ ದಾಟುವ ಹೊತ್ತಿಗೆ ಮಾಸ್ತರರು ಸಣ್ಣಗೆ, "ಬಿಳಿ ಎರಡು," ಎಂದರು. ಸವಣೂರು ಸಮೀಪಿಸಿದಾಗ, "ನನಗ ಒಂದ ಹೇಳಪಾ," ಎಂದರು, "ಮಂದಿಗೆ ಸುದ್ದಿ ಮುಟ್ಟತೈತೋ ಇಲ್ಲೋ? ಮುಟ್ಟಂಗಿಲ್ಲಂದ್ರ ಈಗ ಹೇಳಿಬಿಡು. ನನಗ ಕಣ್ಣಿಲ್ಲ ಅನ್ನೂದು ರೂಢಿ ಆಗೈತಿ. ಪೇಟಿ ಇಲ್ಲ ಅನ್ನೂದನ್ನ ಇನ್ನ ರೂಢಿ ಮಾಡ್ಕೋಬೇಕು."

ಅದನ್ನವರು ಹಗುರವಾಗಿಯೇ ಅಂದರು, ಎಲೆಯಡಿಕೆ ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಹಾಕುತ್ತ. ನಾನು ಗಾಡಿಯನ್ನು ಸೀದಾ ಉಸ್ತಾದರ ಅಂಗಡಿಯ ಮುಂದೆ ತಂದು ನಿಲ್ಲಿಸಿದೆ; ಆಫ್ ಮಾಡಿದರೆ ಮತ್ತೆ ನೂಕಬೇಕಲ್ಲ, ಇಂಜಿನ್ ಚಾಲೂ ಬಿಟ್ಟೇ ಇಳಿದೆ.

"ಉಸ್ತಾದ, ಡಬ್ಬಿ ಖೋಟಾ ಕೊಟ್ಟೀರಿ."

ಉಸ್ತಾದರು ಕನ್ನಡಕದ ಮೇಲಿನಿಂದ ನನ್ನನ್ನೂ ನೋಡಿದರು, ಜೀಪನ್ನೂ ನೋಡಿದರು. ಜೀಪನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದರು. "ಯಾರದ ಶಾದಿ?"

"ಚೇಷ್ಟಾ ಬ್ಯಾಡ್ರಿ. ಡಬ್ಬಿ ಖೋಟಾ ಐತಿ."

"ನನ್ನ ದುಕಾನಿನ ಮಾಲಿಗೆ ಖೋಟಾ ಅಂದವರು ಇಲ್ಲಿತನಕ ಯಾರೂ ಇಲ್ಲ. ಬಿಚ್ಚು."

ಬಿಚ್ಚಿಕೊಟ್ಟೆ. ಅವರು ಅದನ್ನು ತಮ್ಮ ಮೇಜಿನ ತಗಡಿನ ಮೇಲಿಟ್ಟು, ತಮ್ಮದೇ ಒಂದು ಡೈನಮೊಕ್ಕೆ ತಂತಿ ಕೊಟ್ಟು ತಿರುಗಿಸಿದರು. ಒಳಗಿನ ಪುಟ್ಟ ನಾಲಗೆ ಟಕ್ ಎಂದು ಕೂತಿತು. ಮೀಟರಿನ ಮುಳ್ಳು ಬಲಕ್ಕೆ ಎದ್ದಿತು. "ನೋಡಿದಿ? ಮಾಲು ಶುದ್ಧ. ನಿನ್ನ ಡೈನಮೊ ಹೋಗೈತಿ."

"ಡೈನಮೊ ಬ್ರಷ್ ಹೋದ ತಿಂಗಳ ನಾನ ಹಾಕೇನಿ. ಅದು ಹೋಗಂಗಿಲ್ಲ."

"ಹಂಗಾರ ನಿನ್ನ ತಲಿ ಹೋಗೈತಿ."

"ನೀವು ಹಿರೇರಿದ್ದೀರಿ ಅಂತ ಸುಮ್ಮನಿದ್ದೇನಿ..."

"ಸುಮ್ಮನೆಲ್ಲಿದ್ದೀಯೋ? ಆಗಿಂದ ಒದರಾಕತ್ತೀದಿ."

ಇಷ್ಟರಲ್ಲಿ ಜುಮ್ಮಾ ನಮಾಜಿನ ಹೊತ್ತಾಯಿತು. ಉಸ್ತಾದರು ಕೈ ತೊಳೆದು, ಟೋಪಿ ಸರಿಪಡಿಸಿಕೊಂಡು, "ಡಬ್ಬಿ ಹಾಕಿ ಇಡು. ಬಂದು ನೋಡ್ತೇನಿ. ಜಗಳ ಅರ್ಧಕ್ಕ ನಿಂತೈತಿ, ನೆನಪಿರಲಿ," ಎಂದು ಹೋದರು.

ನಾನು ಡಬ್ಬಿಯನ್ನು ಮತ್ತೆ ಗೋಡೆಗೆ ಕೂರಿಸಿದೆ. ಅಂಗಡಿಯಲ್ಲಿ ಬದುಕುತ್ತದೆ, ಗಾಡಿಯಲ್ಲಿ ಸಾಯುತ್ತದೆ. ಇಂಜಿನ್ ಓಡುತ್ತಿತ್ತು, ಹಿಂದೆ ದುಂಬಿ ನರಳುತ್ತಿತ್ತು. ಅದನ್ನು ಆಫ್ ಮಾಡು ಅಂದರೆ ಹಾಸ್ಯಗಾರ, "ಇರಲಿ ಬಿಡೋ, ಜೀವ ಐತೋ ಇಲ್ಲೋ ಗೊತ್ತಾಗಲಿ," ಎಂದು ಬಿಟ್ಟಿದ್ದ. ನಾನು ಕೊನೆಯ ಸ್ಕ್ರೂ ಬಿಗಿ ಮಾಡಲು ಬಗ್ಗಿದಾಗ, ಕೈಯಲ್ಲಿದ್ದ ಉದ್ದನೆಯ ಪಾನಾದ ಒಂದು ತುದಿ ಡಬ್ಬಿಯ ಬುಡಕ್ಕೂ ಇನ್ನೊಂದು ತುದಿ ಇಂಜಿನ್ನಿನ ಬೋಲ್ಟಿಗೂ ತಾಗಿತು.

"ಏ!" ಎಂದು ಕೂಗಿದರು ಮಾಸ್ತರರು. "ಈಗ ಏನ ಮಾಡಿದಿ?"

ನಾನು ಬೆಚ್ಚಿ ಕೈ ತೆಗೆದೆ. "ಏನೂ ಮಾಡಿಲ್ರಿ."

"ಮಾಡಿದಿ. ದುಂಬಿ ಒಂದ ಮನಿ ಮ್ಯಾಲ ಹತ್ತಿತ್ತು. ಈಗ ಮತ್ತ ಇಳೀತು. ಆವಾಗ ಕೈ ಎಲ್ಲಿತ್ತೋ ಅಲ್ಲೇ ಇಡು."

ಎಲ್ಲಿತ್ತು? ನನಗೆ ನೆನಪಿಲ್ಲ. ಪಾನಾದಿಂದ ಅಲ್ಲಿ ಮುಟ್ಟಿದೆ, ಇಲ್ಲಿ ಮುಟ್ಟಿದೆ. ಮಾಸ್ತರರು ಜೀಪಿನಲ್ಲಿ ಕಣ್ಣು ಮುಚ್ಚಿ, ತಾಲೀಮಿನಲ್ಲಿ ಹೊಸ ಹಾಡುಗಾರರನ್ನು ತಿದ್ದುವ ಹಾಗೆ ಕೈಯಾಡಿಸುತ್ತ, "ಅಲ್ಲ... ಅಲ್ಲ... ಇಲ್ಲಪಾ..." ಎನ್ನುತ್ತಿದ್ದರು. ಮತ್ತೆ ಡಬ್ಬಿಯ ಬುಡಕ್ಕೂ ಬೋಲ್ಟಿಗೂ ಪಾನಾ ಕೂಡಿತು. ಪಟ್ ಎಂದು ಒಂದು ಕಿಡಿ.

"ಹಾಂ! ಅದ! ಬಿಡಬ್ಯಾಡ, ಹಿಡಿ!"

ಹಿಡಿದೆ. ಬಾನೆಟ್ಟಿನ ಹಿಂದಿದ್ದ ನನಗೆ ಮೀಟರು ಕಾಣುತ್ತಿರಲಿಲ್ಲ. ಆದರೆ ಈ ಸಲ ದುಂಬಿ ಏರಿದ್ದು ನನಗೂ ಕೇಳಿಸಿತು. ಹಾಸ್ಯಗಾರ ಮುಂದೆ ಬಗ್ಗಿ ನೋಡಿ, "ಮುಳ್ಳ ಬಲಕ್ಕ ಬಂತಲೇ!" ಎಂದು ಕಿರುಚಿದ.

ಆಗ ಹೊಳೆಯಿತು. ಡಬ್ಬಿಗೆ ತಂತಿಯಷ್ಟೇ ಸಾಲದು, ಅದರ ಬುಡ ಗಾಡಿಯ ಬರಿ ತಗಡಿಗೆ ತಾಗಿರಬೇಕು. ಅದಕ್ಕೆ ಅರ್ಥ್ ಎನ್ನುತ್ತೇವೆ. ಅದಿಲ್ಲದಿದ್ದರೆ ಡಬ್ಬಿ ಕೆಲಸ ಮಾಡದು. ಉಸ್ತಾದರ ಮೇಜಿನ ಮೇಲೆ ಬರಿ ತಗಡಿತ್ತು. ನನ್ನ ಗಾಡಿಯಲ್ಲಿ ನಡುವೆ ಎರಡು ಕೈ ಗುಲಾಬಿ ಬಣ್ಣ. ಪೇಂಟರನ ಪ್ರೀತಿ ಸ್ಕ್ರೂ ಹೋಗುವ ತೂತಿನ ಒಳಗೂ ಹರಿದಿತ್ತು.

ಉಸ್ತಾದರು ನಮಾಜು ಮುಗಿಸಿ ಬರುವಾಗ ನಾನು ಡಬ್ಬಿ ಬಿಚ್ಚಿ, ಆ ಜಾಗವನ್ನು ಪರಪರ ಕೆರೆಯುತ್ತಿದ್ದೆ. ಅವರು ನಿಂತು ನೋಡಿದರು. ಗುಲಾಬಿ ಹೊಟ್ಟು ಇಂಜಿನ್ನಿನ ಮೇಲೆ ಉದುರುತ್ತಿತ್ತು. ಒಂದು ಗಳಿಗೆ ಗಡ್ಡದೊಳಗೇ ನಕ್ಕವರು ಆಮೇಲೆ ಅಂಗಡಿಯ ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಯಾ ಅಲ್ಲಾ! ಡಬ್ಬಿಗೆ ಮಖಮಲ್ಲಿನ ಹಾಸಿಗಿ ಹಾಸಿ ಮಲಗಿಸಿಬಿಟ್ಟಿ, ಅದ್ಯಾಕ ದುಡೀತೈತಿ! ಯಾರ ಕಂಡಹಿಡಿದರು? ನೀನೋ?"

"ಮಾಸ್ತರ ಕಂಡಹಿಡಿದರ್ರಿ. ಕಿವೀಲೆ."

ಉಸ್ತಾದರು ಎದ್ದು ಜೀಪಿನ ಬಳಿ ಹೋಗಿ ಮಾಸ್ತರರ ಎರಡೂ ಕೈ ಹಿಡಿದುಕೊಂಡರು. "ನಾಳೆ ನಿಮ್ಮ ಆಟ ಅಲ್ಲೇನ್ರಿ? ನಮ್ಮ ಮನಿ ಮಂದೀನೆಲ್ಲ ಕರಕೊಂಡ ಬರ್ತೇನಿ. ಈ ನವಾಬನ ಗಾಡಿ ನೂಕಾಕ ಒಂದೀಟ ಆಳು ಬೇಕಲ್ಲ," ಎಂದರು. ನನ್ನತ್ತ ತಿರುಗಿ, "ಕೆರದಿದ್ದು ಸಾಲದು, ಒಂದ ತಂತಿ ಜಾಸ್ತಿ ಹಾಕು, ಬುಡದಿಂದ ಇಂಜಿನ್ನಿಗೆ," ಎಂದರು. ಅವರ ಅಂಗಡಿಯ ತಂತಿಯನ್ನು ತೆಗೆದುಕೊಂಡೆ. ನಾನೇ ಹಾಕಿದೆ. ಅವರು ಕೈಕಟ್ಟಿ ನಿಂತರು, ಮುಟ್ಟಲಿಲ್ಲ. ಅಷ್ಟು ಮರ್ಯಾದೆ ನನಗೆ ಕೊಟ್ಟರು.

ಆಮೇಲಿನದು ಹಬ್ಬ. ಸವಣೂರಿನ ಓಣಿ ಓಣಿ ತಿರುಗಿದೆವು, ವಾಪಸು ಬರುವಾಗ ಶಿಗ್ಗಾಂವಿಯಲ್ಲಿ ಬುಧವಾರ ಅರ್ಧಕ್ಕೆ ನಿಂತಿದ್ದ ಮಾತನ್ನು ಪೂರ್ತಿ ಮಾಡಿದೆವು. ಶನಿವಾರ ಬೆಳಗಾಗುವುದರೊಳಗೆ ಹಿರೇಕೆರೂರು, ಬಿಸಿಲೇರುವಾಗ ಹಂಸಭಾವಿ, ಮಧ್ಯಾಹ್ನಕ್ಕೆ ಆಡೂರು. ನವಿಲಿನ ಜೀಪು ಬಂತೆಂದರೆ ಬಾವಿಕಟ್ಟೆಯಲ್ಲಿ ಹಗ್ಗ ಬಿಟ್ಟು ಬರುತ್ತಿದ್ದರು. ಹಾಸ್ಯಗಾರ ಮೈಕನ್ನು ಮಾಸ್ತರರ ಕೈಗೇ ಕೊಟ್ಟ. ಅವರು ಭಾಷಣ ಮಾಡುವವರಲ್ಲ. "ಅವ್ವಂದಿರ, ಅಪ್ಪಂದಿರ, ನಿಮ್ಮ ದನಿ ಇಷ್ಟ ವರ್ಷ ಕೇಳೇನಿ, ಚಪ್ಪಾಳಿ ಕೇಳೇನಿ. ಮುಖಾ ನೋಡೂ ಆಸೆ ಆಗೇತಿ. ಬರ್ರಿ," ಎಂದಷ್ಟೇ ಅಂದರು. ಎಲ್ಲ ಊರಲ್ಲೂ ಅಷ್ಟೇ ಮಾತು. ಆಡೂರಿನಲ್ಲಿ ಒಬ್ಬ ಮುದುಕಿ ಜೀಪಿನ ಹತ್ತಿರ ಬಂದು ಅವರ ಗದ್ದ ಹಿಡಿದು, "ನನ್ನ ಮುಖದಾಗ ನೋಡೂವಂಥಾದ್ದ ಏನೂ ಉಳದಿಲ್ಲ ತಮ್ಮಾ, ಆದರೂ ಬರ್ತೇನಿ ತಗೋ," ಎಂದಳು.

ಸಂಜೆ ಹೊತ್ತು ಇಳಿಯುವಾಗಲೇ ಹಾನಗಲ್ಲಿನ ರಸ್ತೆಯಲ್ಲಿ ಚಕ್ಕಡಿಗಳ ಸಾಲು. ಟ್ರ್ಯಾಕ್ಟರುಗಳ ಟ್ರೇಲರಿನಲ್ಲಿ ಹೆಂಗಸರು ಮಕ್ಕಳು. ಶಿಗ್ಗಾಂವಿಯಲ್ಲಿ ನೂಕಿದವರು ಗುಂಪಾಗಿ ಬಂದು ಮುಂದಿನ ಸಾಲು ಎಲ್ಲಿ ಎಂದು ಕೇಳಿದರು. ಹಾಸ್ಯಗಾರ ಪರದೆಯ ಹಿಂದೆ ಅಡಗಿದ. ಉಸ್ತಾದರು ಹೇಳಿದಂತೆ ಮನೆಮಂದಿಯೊಂದಿಗೆ ಬಂದಿದ್ದರು. ಡೇರೆಯ ಪಕ್ಕದ ತಟ್ಟಿಗಳನ್ನು ಬಿಚ್ಚಿ ಹೊರಗೂ ಕೂಡಿಸಬೇಕಾಯಿತು. ನಾನು ಆಟ ನೋಡಲಿಲ್ಲ, ಗೇಟಿನಲ್ಲಿದ್ದೆ. ಒಳಗಿನಿಂದ ಪೇಟಿಯ ಸದ್ದು ಬರುತ್ತಿತ್ತು. ಅಂದು ಕಂಪನಿಯ ನಟರೆಲ್ಲ ಒಂದು ಉಪಾಯ ಮಾಡಿದ್ದರು: ಹಾಡಿಗೆ ಮೊದಲು ಕಾಲನ್ನು ಹಲಗೆಯ ಮೇಲೆ ಒಮ್ಮೆ ಗಟ್ಟಿಯಾಗಿ ಊರುತ್ತಿದ್ದರು. ಒಂದು ಸ್ವರವೂ ತಪ್ಪಲಿಲ್ಲ.

ಸೋಮವಾರ ನಾನೇ ಅವರನ್ನು ಹುಬ್ಬಳ್ಳಿಗೆ ಬಿಟ್ಟು ಬಂದೆ. ಕರೆತರಲು ಹೋಗುವ ಹೊತ್ತಿಗೆ ಕಂಪನಿ ಹಿರೇಕೆರೂರಿಗೆ ಡೇರೆ ಬದಲಿಸಿತ್ತು. ಆಸ್ಪತ್ರೆಯ ಮೆಟ್ಟಿಲ ಮೇಲೆ ಶೀಸೆಯ ಬುಡದಂಥ ದಪ್ಪ ಕನ್ನಡಕ ಹಾಕಿಕೊಂಡು ನಿಂತಿದ್ದರು. ಅವರ ಚೀಲಕ್ಕೆ ಕೈ ಹಾಕಿದೆ. ಚೀಲ ಬಿಡಲಿಲ್ಲ.

"ಯಾರಪಾ ನೀ?"

"ನಾನ್ರಿ ಮಾಸ್ತರ, ಡ್ರೈವರ್."

ಕನ್ನಡಕವನ್ನು ಮೇಲೆ ಕೆಳಗೆ ಮಾಡಿ ನೋಡಿದರು. "ಸುಳ್ಳ ಹೇಳಬ್ಯಾಡ. ನಮ್ಮ ಡ್ರೈವರ್ ಭಾರಿ ಆಳು. ದಪ್ಪ ಮೀಸಿ, ಹೊಟ್ಟಿ... ನೀ ಬಿದರಿನ ಗಳ ಇದ್ದಂಗ ಇದ್ದಿ."

"ಮೀಸಿ ಬಿಡ್ತೇನ್ರಿ. ಹೊಟ್ಟಿಗೆ ಸ್ವಲ್ಪ ಟೈಮ್ ಕೊಡ್ರಿ."

ನನ್ನ ಮುಖ ಅವರು ಸರಿಯಾಗಿ ನೋಡಿದ್ದೇ ಅವತ್ತು; ದನಿ ಮತ್ತೊಮ್ಮೆ ಕೇಳಿದ ಮೇಲೆ ಚೀಲ ಬಿಟ್ಟರು. ಜೀಪಿನಲ್ಲಿ ಕೂತ ಮೇಲೆ ಆ ಮನುಷ್ಯನಿಗೆ ಬಾಯಿ ನಿಲ್ಲಲಿಲ್ಲ. ಚಹಾದಂಗಡಿಯ ಬೋರ್ಡು, ಲಾರಿಯ ಬೆನ್ನು, ಗೋಡೆಯ ಮೇಲಿನ ಬೀಡಿ ಜಾಹೀರಾತು, ಹರಿದ ಓಟಿನ ಪೋಸ್ಟರು, ಕಂಡದ್ದನ್ನೆಲ್ಲ ಗಟ್ಟಿಯಾಗಿ ಓದುತ್ತ ಬಂದರು. ಅಕ್ಷರ ಸಣ್ಣದಿದ್ದರೆ, "ನಿಂದರಸು, ಅದೇನ ಬರದಾರ ನೋಡೂಣು," ಎನ್ನುವರು. ನಾನು ಬ್ರೇಕು ಹಾಕುವೆ. ಸಂಜೆಯೊಳಗೆ ಅವರನ್ನು ಪೇಟಿಯ ಮುಂದೆ ಕೂಡಿಸಬೇಕೆಂದು ಮಾಲಕರು ಹೇಳಿ ಕಳಿಸಿದ್ದರು. ಹಿರೇಕೆರೂರು ಮುಟ್ಟುವಷ್ಟರಲ್ಲಿ ಡೇರೆಯಲ್ಲಿ ಆಟದ ಮೊದಲ ಗಂಟೆ ಹೊಡೆದಾಗಿತ್ತು. ಅವರು ಜೀಪಿನಿಂದ ಇಳಿದು, ಯಾರ ಕೈಯನ್ನೂ ಹಿಡಿಯದೆ, ಹಗ್ಗ ಗೂಟಗಳನ್ನು ದಾಟಿಕೊಂಡು ಸೀದಾ ಒಳಗೆ ಹೋದರು.